‘ಟರ್ನಿಂಗ್ ರೆಡ್’ ಚಲಚ್ಚಿತ್ರದಲ್ಲಿ ಹಾಡುಗಳ ಕಾರ್ಯ

ಬೆಳೆಯುತ್ತಿರುವ ಹೆಣ್ಣುಮಕ್ಕಳು ಕೇಳುವ ಹಾಡುಗಳ ವಿಷಯವಾಗಿ ಅವರ ತಾಯ್ತಂದೆಗಳೊಡನೆಯೂ, ಈಗ ತಾವೇ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೊಡನೆಯೂ ಸ್ವಲ್ಪ ವಿಚಾರಮಾಡಬೇಕೆಂದು ನಮಗೆ ಬಹುದಿನಗಳಿಂದ ಇಚ್ಛೆಯಿತ್ತು. ಈ ಸ್ಮರಣ ಸಂಚಿಕೆಗೆ ಪಾಠರೂಪವಾದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ ಆ ಇಚ್ಛೆಗೆ ಎಡೆ ದೊರೆಯಿತು. ಆದರೆ ಬರಿಯ ಬುದ್ಧಿವಾದವನ್ನು ಬರೆದರೆ ಬರೆದವರ ಹೊರತು ಮತ್ತಾರೂ ಅದನ್ನು ಓದುವುದಿಲ್ಲವೆಂಬುದನ್ನು ನಾವು ಚೆನ್ನಾಗಿ ಬಲ್ಲೆವು. ಆದುದರಿಂದ ಒಂದು ಚಲಚ್ಚಿತ್ರವನ್ನೇ ಪಾಠದ ಪುಸ್ತಕದಂತೆ ತೆರೆದಿಟ್ಟುಕೊಂಡು, ಅದರಲ್ಲಿ ಹಾಡುಗಳು ಏನು ಕೆಲಸ ಮಾಡುತ್ತವೆ ಎಂಬಷ್ಟನ್ನು ಮಾತ್ರ ನೋಡುವೆವು.

೨೦೨೨ನೆಯ ಇಸವಿಯ ಮಾರ್ಚಿ ೧೧ರಂದು ಹೊರಬಂದ ಈ ಚಿತ್ರದ ಹೆಸರು ‘ಟರ್ನಿಂಗ್ ರೆಡ್’; ಕೆಂಪಾಗುವಿಕೆ ಎಂದು ಅದರ ಅರ್ಥ. ಅಮೆರಿಕಾ ದೇಶದ ಪಿಕ್ಸಾರ್ ಸಂಸ್ಥೆಯವರು ಇದನ್ನು ತಯಾರಿಸಿದರು. ಇದು ನಟನಟಿಯರನ್ನು ನಿಲ್ಲಿಸಿ ಹಿಡಿದ ಚಿತ್ರವಲ್ಲ. ಒಂದೊಂದು ಆಕೃತಿಯನ್ನೂ ಗಣಕಯಂತ್ರದ ಸಹಾಯದಿಂದ ರಚಿಸಿ, ಅದಕ್ಕೆ ಚಲನೆಯನ್ನೂ ಧ್ವನಿಯನ್ನೂ ಕೊಟ್ಟು ಮಾಡಿದ ಆ್ಯನಿಮೇಷನ್ ಚಿತ್ರ. ಇದರ ನಿರ್ದೇಶಕಿಯಾದ ಡೋಮೀ ಶೀ ಎಂಬಾಕೆ ಚೀನಾದಲ್ಲಿ ಹುಟ್ಟಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬೆಳೆದವಳು. ತಾಯಿ ಮಕ್ಕಳ ಸಂಬಂಧವನ್ನೇ ಕುರಿತ ಈಕೆಯ ‘ಬಾವ್’ ಎಂಬ ೨೦೧೮ರ ಕಿರುಚಿತ್ರಕ್ಕೆ ಆಸ್ಕರ್ ಪಾರಿತೋಷಕ ಬಂದಿತ್ತು. ಪಿಕ್ಸಾರಿನ ದೀರ್ಘಚಿತ್ರವೊಂದನ್ನು ಒಬ್ಬ ಸ್ತ್ರೀಯೇ ಏಕಾಂಗಿಯಾಗಿ ನಿರ್ದೇಶಿಸಿದುದು ಇದರಿಂದಲೇ ಮೊದಲಾಯಿತು. ಜೂಲಿಯಾ ಚೋ ಎಂಬ ನಾಟಕಕರ್ತ್ರಿಯು ಆಕೆಯೊಡನೆ ಕೂಡಿ ಚಿತ್ರದ ಬರವಣಿಗೆಯನ್ನು ಮಾಡಿದಳು.

ಕಥೆಯನ್ನು ನೋಡದವರಿಗಾಗಿ ಅದನ್ನು ಸಂಕ್ಷೇಪವಾಗಿ ಹೇಳಬೇಕು. ಕಾಲವು ೨೦೦೨ನೆಯ ಇಸವಿಯ ವಸಂತ, ಸ್ಥಳವು ಟೊರಾಂಟೋ. ಅಲ್ಲಿಯ ಚೀನೀಯರ ಕೇರಿಯಲ್ಲಿ ತನ್ನ ಕುಲದ ಪೂರ್ವಿಕರಿಗೆ ಮೀಸಲಾದ ಗುಡಿಯೊಂದನ್ನು ನೋಡಿಕೊಳ್ಳುವ ಮನೆತನದಲ್ಲಿ ಹುಟ್ಟಿದ ಮೇಲಿನ್ ಲೀ ಎಂಬ ಬಾಲಿಕೆಗೆ ಹದಿಮೂರು ವರುಷ. ಆಕೆಯನ್ನು ಎಲ್ಲರೂ ಮೇ ಎಂದು ಕರೆಯುವರು. ಓದಿನಲ್ಲಿ ಮುಂದು, ಮನೆಗೆಲಸದಲ್ಲಿ ಮುಂದು, ತಾಯಿಯ ಮಾತಿನಲ್ಲಿ ಎಲ್ಲಕ್ಕಿಂತ ಮುಂದು. ತಾಯಿಯಾದ ಮಿಂಗ್ ಮಗಳನ್ನು ಕಣ್ಣರೆಪ್ಪೆಯಂತೆ ಕಾಯುವವಳು. ಆ ಕಾವಲು ಹೆಚ್ಚಾಗಿ ಶಾಲೆಯ ಅಂಗಳದ ಮರದ ಹಿಂದೆ ಅವಿತುಕೊಂಡು ನೋಡುವವರೆಗೂ ಹೋಗುತ್ತದೆ. ಒಂದು ಬೆಳಿಗ್ಗೆ ಮೇ ಎದ್ದು ನೋಡಿಕೊಂಡರೆ ತಾನು ದೊಡ್ಡದೊಂದು ಕೆಂಪು ಪಾಂಡಾ ಮೃಗವಾಗಿದ್ದಾಳೆ. ಮಗಳು ಋತುಮತಿಯಾದಳೆಂದು ತಾಯಿ ತಿಳಿದು ಬಾಗಿಲ ಹೊರಗೆ ನಿಂತು ಗಾಬರಿಪಡುವ ದೃಶ್ಯವು ನಗೆಯನ್ನು ತರುವಂಥದಾದರೂ, ಹೆಣ್ಣುಮಕ್ಕಳ ಜೀವನದ ಆ ದಿನವನ್ನು ನಾಚಿಕೆಯಿಲ್ಲದೆ ಹೇಳಿದ ಇಂಥ ಚಿತ್ರಗಳು ವಿರಳವೆಂಬುದನ್ನು ಇಲ್ಲಿ ಸೂಚಿಸದೆ ಮುಂದೆ ಹೋಗಲಾರೆವು. ಯುದ್ಧಕಾಲದಲ್ಲಿ ತನ್ನ ಹೆಣ್ಣುಮಕ್ಕಳನ್ನು ರಕ್ಷಿಸಿಕೊಳ್ಳುವುದಕ್ಕೆ ಆ ವಂಶದ ಮೂಲಮಾತೆಯಾದ ಸುನ್ ಯೀ ಎಂಬವಳು ದೇವತೆಗಳಿಂದ ಪಡೆದ ವರವೇ ಈ ರೂಪಾಂತರ. ಮನಸ್ಸು ಉದ್ರೇಕಗೊಂಡಾಗ ಮೃಗರೂಪ, ಶಾಂತವಾದಾಗ ಮನುಷ್ಯರೂಪ. ಹೊಸ ದೇಶಕ್ಕೆ ವಲಸೆ ಬಂದ ಮೇಲೆ ವರವೇ ಉಪದ್ರವವಾಯಿತು. ಆದುದರಿಂದ ಮನೆಯ ಸ್ತ್ರೀಯರೆಲ್ಲರೂ ಚಂದ್ರನು ಕೆಂಪಾಗುವ ಒಂದು ರಾತ್ರಿ ವಿಧಿಪೂರ್ವಕವಾಗಿ ಆ ಮೃಗವನ್ನು ತಾಯಿತಿಯೊಂದರಲ್ಲಿ ಬಂಧಿಸಿಡುತ್ತ ಬಂದಿದ್ದಾರೆ. ಮೇಗೆ ಗೊತ್ತಾದ ದಿನವು ಮೇ ತಿಂಗಳ ೨೫. ಹುಡುಗಿಯ ಹೆಸರೂ ತಿಂಗಳ ಹೆಸರೂ ಕನ್ನಡದಲ್ಲಿ ಒಂದೇ ಆಗಿ ಬಿದ್ದುದು ನಮ್ಮ ತಪ್ಪಲ್ಲ.

ಹಾಡುಗಳೆಲ್ಲಿ ಎಂದು ವಾಚಕರು ಕೇಳಬಹುದು. ಮೇಗೂ ಆಕೆಯ ಮೂವರು ಗೆಳತಿಯರಾದ ಮಿರಿಯಮ್, ಪ್ರಿಯಾ, ಏಬಿ ಎಂಬವರಿಗೂ ಪ್ರಾಣವಾದ ಒಂದು ಗಾಯಕ ಮೇಳವುಂಟು. ಅದರ ಹೆಸರು ‘ಫೋರ್ ಟೌನ್’. ಹೆಸರಿನಲ್ಲಿ ನಾಲ್ಕಿದ್ದರೂ ಗಾಯಕರು ಐವರು. ದೂರದರ್ಶನದಲ್ಲಿ ಅವರನ್ನು ಕಂಡ ಮಿಂಗ್ ಮೊದಲು ಎತ್ತುವ ಆಕ್ಷೇಪವೂ ಅದೇ. ಆ ಮೇಳವು ಟೊರಾಂಟೋವಿಗೆ ಬರಲಿದೆ. ಸ್ಕೈಡೋಮ್ ಎಂಬ ಮಹಾ ಕ್ರೀಡಾಂಗಣದಲ್ಲಿ ಕಚೇರಿ. ಒಂದೊಂದು ಚೀಟಿಗೆ ೨೦೦ ಡಾಲರು. (೧೯೮೯ರಲ್ಲಿ ತೆರೆದ, ಚಾವಣಿಯನ್ನು ಸರಿಸಬಹುದಾದ ಆ ಕ್ರೀಡಾಂಗಣಕ್ಕೆ ೨೦೦೫ರಲ್ಲಿ ರಾಜರ್ಸ್ ಸೆಂಟರ್ ಎಂದು ಹೆಸರು ಬದಲಾಯಿತು, ಕಥೆಯು ೨೦೦೨ರದಾದ ಕಾರಣ ಹಳೆಯ ಹೆಸರೇ ಸಲ್ಲುತ್ತದೆ.) ಈ ಕಚೇರಿಗೆ ಹೋಗುವ ಹಟವೂ ಆ ಕೆಂಪು ಚಂದ್ರನ ವಿಧಿಯೂ ಒಂದಕ್ಕೊಂದು ಎದುರಾಗಿ ನಿಲ್ಲುವುದೇ ಚಿತ್ರದ ಕಥೆ.

ಚಲಚ್ಚಿತ್ರದಲ್ಲಿ ಹಾಡು ಬರುವ ರೀತಿಗಳಲ್ಲಿ ಎರಡನ್ನು ಇಲ್ಲಿ ಬೇರ್ಪಡಿಸಿಕೊಳ್ಳಬೇಕು. ೧೯೩೭ರ ‘ಸ್ನೋ ವೈಟ್’ ಮೊದಲುಗೊಂಡು ೧೯೮೯ರ ‘ಲಿಟಲ್ ಮರ್ಮೆಯ್ಡ್’ ವರೆಗೂ ಅದರಾಚೆಗೂ ಡಿಸ್ನಿ ಸಂಸ್ಥೆಯವರ ಚಿತ್ರಗಳಲ್ಲಿ ಕಥಾನಾಯಕಿಯು ತನ್ನ ಅಂತರಂಗದ ಬಯಕೆಯನ್ನು ತಾನೇ ಹಾಡಿ ಹೇಳುತ್ತಾಳೆ. ಬಾವಿಕಟ್ಟೆಯ ಬಳಿಯಲ್ಲೋ ಸಮುದ್ರದ ತಳದಲ್ಲೋ ನಿಂತು ಆಕೆ ಬಾಯಿ ತೆರೆದರೆ ಸಾಕು, ಪದವೂ ರಾಗವೂ ಸಿದ್ಧವಾಗಿ ಹೊರಡುತ್ತವೆ. ನಮ್ಮ ನಾಟಕಗಳ ರಂಗಗೀತೆಗಳಂತೆ ಅಲ್ಲಿ ಹಾಡೇ ಮಾತು. ‘ಟರ್ನಿಂಗ್ ರೆಡ್’ನಲ್ಲಿ ಹಾಗಿಲ್ಲ. ಇಲ್ಲಿ ಮೇ ತನ್ನ ಮನಸ್ಸನ್ನು ತೋಡಿಕೊಳ್ಳುವ ಹಾಡು ಒಂದೂ ಇಲ್ಲ. ಆಕೆ ಹಾಡುವುದೆಲ್ಲವೂ ಬೇರೆಯವರ ಹಾಡು. ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಯಾರಿಗಾದರೂ ಸಿಕ್ಕುವ, ಲಕ್ಷಾಂತರ ಹುಡುಗಿಯರು ಅದೇ ಹೊತ್ತಿನಲ್ಲಿ ಹಾಡುತ್ತಿರಬಹುದಾದ ಹಾಡು. ನಮ್ಮ ಅಭಿಪ್ರಾಯದಲ್ಲಿ ಇದೇ ಹೆಚ್ಚು ನಿಜವಾದ ಚಿತ್ರ. ಹದಿಮೂರನೆಯ ವಯಸ್ಸಿನಲ್ಲಿ ಮನಸ್ಸಿನೊಳಗೆ ಏನೋ ತುಂಬಿಕೊಂಡಿರುತ್ತದೆ, ಅದಕ್ಕೆ ತನ್ನದೇ ಮಾತುಗಳಿರುವುದಿಲ್ಲ. ಆಗ ಹುಡುಗಿಯು ನೆರೆಮನೆಯಿಂದ ಪಾತ್ರೆಯನ್ನು ತರುವಂತೆ ಹಾಡೊಂದನ್ನು ಎರವಲು ತರುತ್ತಾಳೆ. ಪಾತ್ರೆ ಯಾರದಾದರೇನು, ಒಳಗೆ ತುಂಬಿದ್ದು ಆಕೆಯದೇ.

ಎರವಲು ಎಂದೆವು. ಆದರೆ ಚಿತ್ರ ತೆಗೆದವರು ೨೦೦೨ರ ಸುಮಾರಿಗೆ ನಿಜವಾಗಿ ಪ್ರಸಿದ್ಧವಾಗಿದ್ದ ಮೇಳವೊಂದರ ಹಾಡನ್ನು ಎರವಲು ತರಲಿಲ್ಲ. ಇಲ್ಲದ ಮೇಳವೊಂದನ್ನು ಸೃಷ್ಟಿಸಿ, ಅದಕ್ಕಾಗಿ ಹೊಸದಾಗಿ ಮೂರು ಹಾಡುಗಳನ್ನು ಬರೆಯಿಸಿದರು. ಬರೆದವರು ಬಿಲೀ ಐಲಿಷ್ ಎಂಬ ತರುಣ ಗಾಯಕಿಯೂ ಆಕೆಯ ಅಣ್ಣನಾದ ಫಿನಿಯಸ್ ಓಕಾನೆಲ್ ಎಂಬವನೂ. ಅಣ್ಣನು ಮೇಳದ ಐವರಲ್ಲಿ ಒಬ್ಬನ ಪಾತ್ರಕ್ಕೆ ತನ್ನ ಧ್ವನಿಯನ್ನೂ ಕೊಟ್ಟನು. ತಂಗಿಯು ಹುಟ್ಟಿದುದು ೨೦೦೧ರ ದಶಂಬರದಲ್ಲಿ. ಅಂದರೆ ಯಾವ ವಸಂತಕಾಲದ ಹುಡುಗಿಯರಿಗೆಂದು ಆಕೆ ಹಾಡು ಬರೆದಳೋ ಆ ವಸಂತದಲ್ಲಿ ಆಕೆ ತೊಟ್ಟಿಲಿನ ಕೂಸು. ನಿಜವಾದ ಹಳೆಯ ಹಾಡನ್ನು ಹಾಕಿದ್ದರೆ ದೊಡ್ಡವರು ತಮ್ಮ ತಮ್ಮ ನೆನಪುಗಳಲ್ಲಿ ಮುಳುಗಿಬಿಡುತ್ತಿದ್ದರು. ಹಾಡು ಪ್ರೇಕ್ಷಕರದಾಗುತ್ತಿತ್ತು, ಆ ನಾಲ್ವರು ಹುಡುಗಿಯರದಾಗುತ್ತಿರಲಿಲ್ಲ. ಈ ಹೊಸ ಹಾಡನ್ನಾದರೋ ನಾವು ಮೊದಲು ಕೇಳುವುದೇ ಮೇಯ ಬಾಯಿಂದಲೂ ಗೆಳತಿಯರ ಬಾಯಿಂದಲೂ. ಚಿತ್ರದ ಹಿನ್ನೆಲೆ ವಾದ್ಯಸಂಗೀತವು ಲೂದ್ವಿಗ್ ಯೋರಾನ್ಸನ್ ಎಂಬ ಸ್ವೀಡನ್ ದೇಶದವನದು. ಅದನ್ನು ಕುರಿತು ಇಲ್ಲಿ ಹೇಳುವುದಿಲ್ಲ.

ಈಗ ತಾಯ್ತಂದೆಗಳ ಪಕ್ಷವನ್ನು ಕೇಳೋಣ. ಅವರ ಸಂಶಯವು ಆಧಾರವಿಲ್ಲದ್ದೆಂದು ಹೇಳಿದರೆ ನಾವು ಪಕ್ಷಪಾತಿಗಳಾಗುತ್ತೇವೆ. ಇಂಥ ತರುಣರ ಮೇಳಗಳು ತಾವಾಗಿ ಹುಟ್ಟಿದವುಗಳಲ್ಲ. ಬಹುಮಟ್ಟಿಗೆ ವ್ಯಾಪಾರಸ್ಥರು ಆರಿಸಿ ಜೋಡಿಸಿದವುಗಳು. ಒಬ್ಬನು ಗಂಭೀರ, ಒಬ್ಬನು ತುಂಟ, ಒಬ್ಬನು ಮೃದುಹೃದಯ ಎಂದು ಹಂಚಿಟ್ಟರೆ ಪ್ರತಿಯೊಬ್ಬ ಹುಡುಗಿಗೂ ತನಗೊಪ್ಪುವವನು ಸಿಕ್ಕಿಯೇ ಸಿಕ್ಕುತ್ತಾನೆ. ಅಮೆರಿಕಾದ ಆರ್ಲಾಂಡೋ ನಗರದಲ್ಲಿ ೧೯೯೩ರಲ್ಲಿ ‘ಬ್ಯಾಕ್‌ಸ್ಟ್ರೀಟ್ ಬಾಯ್ಸ್’ ಎಂಬ ಮೇಳವೂ ೧೯೯೫ರಲ್ಲಿ ‘ಎನ್‌ಸಿಂಕ್’ ಎಂಬ ಮೇಳವೂ ಹುಟ್ಟಿದುವು. ಎರಡರ ಹಿಂದೆಯೂ ಲೂ ಪರ್ಲ್‌ಮನ್ ಎಂಬ ಒಬ್ಬನೇ ವ್ಯಾಪಾರಿಯಿದ್ದನು. ೨೦೦೦ದಲ್ಲಿ ಎನ್‌ಸಿಂಕ್ ಮೇಳದ ಒಂದು ಧ್ವನಿಮುದ್ರಿಕೆಯು ಅಮೆರಿಕಾ ಒಂದರಲ್ಲಿಯೇ ಮೊದಲ ವಾರದಲ್ಲಿ ೨೪ ಲಕ್ಷ ಪ್ರತಿಗಳು ಮಾರಾಟವಾದುವು. ತಮ್ಮ ಸಂಪಾದನೆಯಲ್ಲಿ ತಮಗೆ ನ್ಯಾಯವಾದ ಪಾಲು ದೊರೆಯಲಿಲ್ಲವೆಂದು ಎರಡೂ ಮೇಳದವರು ಆತನ ಮೇಲೆ ದಾವೆ ಹೂಡಿದರು. ಬೇರೊಂದು ದೊಡ್ಡ ಹಣದ ಮೋಸಕ್ಕಾಗಿ ೨೦೦೮ರಲ್ಲಿ ಆತನಿಗೆ ೨೫ ವರುಷಗಳ ಸೆರೆಮನೆಯ ಶಿಕ್ಷೆಯಾಯಿತು. ಹೀಗಿರಲಾಗಿ, ಇನ್ನೂರು ಡಾಲರನ್ನು ಕೇಳಿ ಹೌಹಾರಿದ ಮಿಂಗ್ ಮೂರ್ಖಳೆಂದು ಹೇಳಲಾಗದು. ಆಕೆಯು ಸರಕನ್ನು ಸರಕೆಂದೇ ಗುರುತಿಸಿದಳು. ಇದು ಸಂಗೀತವೇ ಅಲ್ಲ, ಹೊಲಸು ಎಂಬರ್ಥದ ಮಾತನ್ನು ಆಡಿದಾಗ ಮಾತ್ರ ತಪ್ಪಿದಳು. ಸರಕು ಎಂಬುದು ಹಾಡನ್ನು ಮಾಡಿದವರ ವಿಷಯ. ಅದನ್ನು ಮನೆಗೆ ತಂದವಳು ಅದರಿಂದ ಏನು ಮಾಡುತ್ತಾಳೆ ಎಂಬುದು ಬೇರೆಯೇ ವಿಷಯ. ಅದನ್ನು ಆಕೆ ನೋಡಲಿಲ್ಲ.

ನಾವೂ ನೋಡಿರಲಿಲ್ಲ. ಇಲ್ಲಿ ನಮ್ಮದೇ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಇಪ್ಪತ್ತು ವರುಷಗಳಿಗೂ ಹಿಂದೆ ನಾವು ಒಂಬತ್ತನೆಯ ತರಗತಿಗೆ ಪಾಠ ಹೇಳುತ್ತಿದ್ದಾಗ, ಒಬ್ಬ ವಿದ್ಯಾರ್ಥಿನಿಯ ಸಮಾಜಶಾಸ್ತ್ರದ ನೋಟುಪುಸ್ತಕವನ್ನು ತಿದ್ದುತ್ತಿರುವಾಗ ಕೊನೆಯ ಹನ್ನೆರಡು ಪುಟಗಳಲ್ಲಿ ಸಿನಿಮಾ ಹಾಡುಗಳನ್ನು ದುಂಡಾದ ಅಕ್ಷರಗಳಲ್ಲಿ ಬರೆದಿರುವುದನ್ನು ಕಂಡೆವು. ಒಂದೊಂದು ಹಾಡಿನ ಪಕ್ಕದಲ್ಲಿಯೂ ಕೆಂಪು ಶಾಯಿಯಲ್ಲಿ ಒಂದೆರಡು ಅಕ್ಷರಗಳು, ಯಾರದೋ ಹೆಸರಿನ ಮೊದಲಕ್ಷರಗಳಂತೆ. ಅವು ಯಾರೋ ಹುಡುಗನ ಹೆಸರೆಂದು ನಾವು ಕೂಡಲೇ ನಿಶ್ಚಯಿಸಿದೆವು. ಪುಸ್ತಕವನ್ನು ಕಿತ್ತಿಟ್ಟುಕೊಂಡು, ತಾಯಿಯನ್ನು ಕರೆಸಿ, ಆ ಬಾಲಿಕೆಯನ್ನು ಎದುರಿಗೆ ನಿಲ್ಲಿಸಿ ಮಾತನಾಡಿದೆವು. ಆಕೆ ಏನನ್ನೂ ಹೇಳಲಿಲ್ಲ. ನಾವು ಆ ಮೌನವನ್ನು ಒಪ್ಪಿಗೆಯೆಂದು ತಿಳಿದೆವು. ಮೇಯ ನೋಟುಪುಸ್ತಕವನ್ನು ಮಿಂಗ್ ಹಾಸಿಗೆಯಡಿಯಿಂದ ಎಳೆದುಕೊಂಡು, ಅದರಲ್ಲಿ ಬರೆದ ಚಿತ್ರಗಳನ್ನು ಅಂಗಡಿಯ ಹುಡುಗನ ಮುಂದೆ ಎಲ್ಲರ ಎದುರಿನಲ್ಲಿ ಹಿಡಿಯುವ ದೃಶ್ಯವು ಬಂದಾಗ ನಾವು ಪರದೆಯಿಂದ ಕಣ್ಣು ತಿರುಗಿಸಬೇಕಾಯಿತು.

ಆದರೆ ಪಾಠವನ್ನು ಬಿಡಬಾರದು. ಚಿತ್ರದ ಮೂರು ಹಾಡುಗಳಲ್ಲಿ ಮುಖ್ಯವಾದುದು ‘ನೋಬಡಿ ಲೈಕ್ ಯು’ ಎಂಬುದು. ನಿನ್ನಂಥವರು ಯಾರೂ ಇಲ್ಲ ಎಂಬುದೇ ಅದರ ಸಾರ. ಸಾಹಿತ್ಯದೃಷ್ಟಿಯಿಂದ ಅದರಲ್ಲಿ ದೊಡ್ಡದೇನೂ ಇಲ್ಲವೆಂಬುದನ್ನು ಧಾರಾಳವಾಗಿ ಒಪ್ಪುತ್ತೇವೆ. ಆದರೆ ‘ನೀನು’ ಎಂಬ ಪದದಲ್ಲಿ ಒಂದು ವಿಶೇಷವಿದೆ. ವ್ಯಾಕರಣದಲ್ಲಿ ಅದು ಮಧ್ಯಮಪುರುಷ ಸರ್ವನಾಮ. ಎದುರಿಗೆ ಯಾರಿದ್ದರೆ ಅವರಿಗೆ ಸಲ್ಲುವಂಥದು. ಹಾಡು ಬರೆದವರು ಆ ಪದವನ್ನು ಬರಿದಾಗಿಯೇ ಬಿಟ್ಟಿರುತ್ತಾರೆ. ಕೇಳುವ ಪ್ರತಿಯೊಬ್ಬಳೂ ತನ್ನನ್ನೇ ಕರೆದರೆಂದು ತಿಳಿಯಲಿ ಎಂಬುದು ವ್ಯಾಪಾರಿಯ ಉದ್ದೇಶ. ಆ ಬರಿದಾದ ಸ್ಥಾನದಲ್ಲಿ ಹುಡುಗಿಯರು ಯಾರನ್ನು ಕೂರಿಸುತ್ತಾರೆ ಎಂಬುದನ್ನು ಗಮನಿಸಿದರೆ ಚಿತ್ರದ ಹೃದಯವೇ ತೆರೆದಂತಾಗುತ್ತದೆ. ಒಂದೇ ಹಾಡು ಮೂರು ಮುಖ್ಯ ಸಂದರ್ಭಗಳಲ್ಲಿ ಬರುತ್ತದೆ. ಮೂರು ಸಲವೂ ‘ನೀನು’ ಬೇರೆ.

ಮೊದಲ ಸಲ ಅದು ಬೀದಿಯಲ್ಲಿ. ಶಾಲೆ ಬಿಟ್ಟ ಮೇಲೆ ಗೆಳತಿಯರು ಮೇಯನ್ನು ತಮ್ಮೊಡನೆ ಹಾಡುವುದಕ್ಕೆ ಕರೆಯುತ್ತಾರೆ. ಆಕೆಗೆ ಅಂದು ಗುಡಿಯನ್ನು ಗುಡಿಸುವ ದಿನ, ಬರಲಾರೆನೆನ್ನುತ್ತಾಳೆ. ಹಾಡನ್ನು ಕೇಳಿಯೂ ಹಾಡದೆ ಹೋಗಬಲ್ಲೆಯಾದರೆ ಹೋಗು ಎಂದು ಅವರು ಪರೀಕ್ಷೆಗಿಟ್ಟು, ಬಾಯಲ್ಲಿಯೇ ತಾಳ ಹಾಕಿ ಹಾಡತೊಡಗುತ್ತಾರೆ. ಮೇ ತಡೆಯಲಾರದೆ ಧ್ವನಿಗೂಡಿಸುತ್ತಾಳೆ. ಇಲ್ಲಿ ‘ನೀನು’ ಎಂಬುದು ಭಿತ್ತಿಚಿತ್ರದಲ್ಲಿರುವ ಆ ಐವರು ತರುಣರು; ಅಥವಾ ಹಾಗೆಂದು ಹುಡುಗಿಯರು ತಿಳಿದಿರುತ್ತಾರೆ. ಮನೆಗೆ ಬಂದ ಮೇಲೆ ದೂರದರ್ಶನದಲ್ಲಿ ಅದೇ ಮೇಳವು ಕಾಣಿಸುತ್ತದೆ. ಇವರಾರು ಎಂದು ತಾಯಿ ಕೇಳಿದಾಗ ಮೇ ಹೇಳುವುದೇನೆಂದರೆ, ಶಾಲೆಯಲ್ಲಿ ಕೆಲವರಿಗೆ ಇವರೆಂದರೆ ಇಷ್ಟ ಎಂದು. ತಾನೂ ಆ ಕೆಲವರಲ್ಲಿ ಒಬ್ಬಳೆಂಬ ಮಾತನ್ನು ನುಂಗಿಬಿಡುತ್ತಾಳೆ. ಅಷ್ಟು ಚಿಕ್ಕ ಸುಳ್ಳು. ಅದಕ್ಕೆ ಬೆಲೆ ಕಟ್ಟಬೇಕಾಗುತ್ತದೆಂದು ಆಗ ಯಾರಿಗೂ ತೋರುವುದಿಲ್ಲ.

ಎರಡನೆಯ ಸಲ ಮಲಗುವ ಕೋಣೆಯಲ್ಲಿ. ಮೃಗರೂಪವನ್ನು ತಾಳಿ, ಕೋಣೆಯಲ್ಲಿ ಮುಚ್ಚಿಕೊಂಡು, ತನ್ನನ್ನು ತಾನೇ ಹೇಸಿಕೊಂಡು ಕುಳಿತ ಮೇಯನ್ನು ಹುಡುಕಿಕೊಂಡು ಗೆಳತಿಯರು ಬರುತ್ತಾರೆ. ಅವರಿಗೂ ಮೊದಲು ಭಯ. ಆಮೇಲೆ ಆ ದೊಡ್ಡ ಕೆಂಪು ಮೃಗವನ್ನು ಮೂವರೂ ತಬ್ಬಿಕೊಂಡು ಅದೇ ಹಾಡನ್ನು ಮೆಲ್ಲಗೆ ಹಾಡುತ್ತಾರೆ. ಅಬ್ಬರವಿಲ್ಲ, ವಾದ್ಯವಿಲ್ಲ. ಮೇ ಶಾಂತಳಾಗಿ ಮನುಷ್ಯರೂಪಕ್ಕೆ ಬರುತ್ತಾಳೆ. ಕೂದಲು ಮಾತ್ರ ಕೆಂಪಾಗಿ ಉಳಿಯುತ್ತದೆ. ವಂಶದ ಹಿರಿಯರಿಗೆ ತಾಯಿತಿಯಿಲ್ಲದೆ ಸಾಧ್ಯವಾಗದ ಕಾರ್ಯವನ್ನು ಒಂದು ಅಂಗಡಿಯ ಹಾಡು ಮಾಡಿತು. ಇದನ್ನು ನೋಡಿದಾಗ ನಮಗೆ ಹೊಳೆದುದೇನೆಂದರೆ, ಈಗ ‘ನೀನು’ ಆ ಐವರು ತರುಣರಲ್ಲ, ಮೇಯೇ. ನಿನ್ನಂಥವರು ಯಾರೂ ಇಲ್ಲವೆಂಬ ಮಾತು, ಪೇಟೆಯಲ್ಲಿ ಸವೆದು ಹೋದ ಆ ಮಾತು, ಉಗುರು ಕೋರೆಗಳು ಬಂದ ಹುಡುಗಿಯೊಬ್ಬಳಿಗೆ ಹೇಳಿದಾಗ ಅಕ್ಷರಶಃ ನಿಜವಾಗುತ್ತದೆ. ಗೆಳತಿಯರು ತಮ್ಮ ಸ್ವಂತ ಮಾತಿನಲ್ಲಿ ಅದನ್ನು ಹೇಳಲು ಹೊರಟಿದ್ದರೆ ನಾಚಿಕೆಯಿಂದ ನಾಲಗೆ ಹೊರಳುತ್ತಿರಲಿಲ್ಲ. ಹಾಡು ಅವರ ಪರವಾಗಿ ಹೇಳಿತು.

ಆಮೇಲೆ ಮನೆಯಲ್ಲಿ ತಾಯ್ತಂದೆಗಳು ಮೇಯ ಮನಸ್ಸಿನ ಸ್ಥೈರ್ಯವನ್ನು ಪರೀಕ್ಷಿಸುತ್ತಾರೆ. ಕರುಣಾಜನಕವಾದ ಚಿತ್ರಗಳನ್ನೂ ಬೆಕ್ಕಿನ ಮರಿಗಳನ್ನೂ ತೋರಿಸಿದರೂ ಆಕೆ ಕೆಂಪಾಗುವುದಿಲ್ಲ. ಹೇಗೆ ಸಾಧ್ಯವಾಯಿತು ಎಂದರೆ, ನನಗೆ ಅತ್ಯಂತ ಪ್ರಿಯರಾದವರನ್ನು ನೆನೆದೆನು, ಅವರು ನೀವೇ ಎನ್ನುತ್ತಾಳೆ. ತಾಯಿಯ ಕಣ್ಣು ತುಂಬುತ್ತದೆ. ಮಗಳು ನೆನೆದುದಾದರೋ ಗೆಳತಿಯರನ್ನು. ಇದು ಎರಡನೆಯ ಸುಳ್ಳು. ತಾಯಿಯ ಸಂತೋಷವನ್ನು ಕಾಪಾಡುವುದಕ್ಕಾಗಿ ಹೇಳಿದ್ದಾದುದರಿಂದ ಮೊದಲಿನದಕ್ಕಿಂತ ಭಾರವಾದದ್ದು. ಮೂರನೆಯದು ಬಾಯಿಬಿಟ್ಟು ಹೇಳಿದ ಸುಳ್ಳೂ ಅಲ್ಲ. ಕಚೇರಿಯ ಚೀಟಿಗಳಿಗೆ ಬೇಕಾದ ಎಂಟುನೂರು ಡಾಲರುಗಳನ್ನು ಕೂಡಿಸುವುದಕ್ಕೆ ಮೇ ತನ್ನ ಮೃಗರೂಪವನ್ನು ಶಾಲೆಯ ಮಕ್ಕಳಿಗೆ ತೋರಿಸಿ, ಜೊತೆಯಲ್ಲಿ ಫೋಟೋ ತೆಗೆಯಿಸಿ ಹಣ ಮಾಡುತ್ತಾಳೆ. (ಇಲ್ಲಿ ನಮಗೆ ಸ್ವಲ್ಪ ಕಸಿವಿಸಿಯುಂಟು. ತನ್ನನ್ನೇ ಸರಕಾಗಿ ಮಾರುವುದನ್ನು ಹುಡುಗಿಯು ಯಾರಿಂದ ಕಲಿತಳು? ಆ ಮೇಳದವರಿಂದಲೇ ಅಲ್ಲವೇ? ಚಿತ್ರವು ಇದನ್ನು ನಗುನಗುತ್ತ ದಾಟಿಬಿಡುತ್ತದೆ.) ಕೊನೆಗೆ ಸಹಪಾಠಿಯೊಬ್ಬನ ಹುಟ್ಟುಹಬ್ಬದಲ್ಲಿ ಗಲಭೆಯಾಗಿ ತಾಯಿ ಬಂದು ಸೇರುತ್ತಾಳೆ. ನನ್ನ ಮಗಳನ್ನು ಕೆಡಿಸಿದವರು ನೀವೇ ಎಂದು ಗೆಳತಿಯರನ್ನು ಬೈಯುತ್ತಾಳೆ. ಅದೆಲ್ಲ ತನ್ನದೇ ಉಪಾಯವೆಂದು ಮೇ ಹೇಳಬೇಕಾಗಿತ್ತು. ಗೆಳತಿಯರು ಆಕೆಯ ಮುಖವನ್ನು ನೋಡುತ್ತ ನಿಲ್ಲುತ್ತಾರೆ. ಮೇ ಸುಮ್ಮನಿರುತ್ತಾಳೆ.

ಹೀಗೆ ಹಾಡನ್ನು ಒಮ್ಮೆ, ಹಾಡಿದವರನ್ನು ಎರಡು ಸಲ ನಿರಾಕರಿಸಿದ ಹುಡುಗಿಯು ತಾಯಿಯ ಹಿಂದೆ ಮನೆಗೆ ನಡೆದುಹೋಗುತ್ತಾಳೆ. ತಾಯಿ ಗೆದ್ದಂತೆ ಕಾಣುತ್ತದೆ. ಕಚೇರಿಯೂ ವಿಧಿಯೂ ಒಂದೇ ರಾತ್ರಿ ಬಿದ್ದಿವೆಯೆಂಬುದು ಅಷ್ಟರಲ್ಲಿ ತಿಳಿದಿರುತ್ತದೆ. ವಿಧಿಗೆ ಮುಂಚೆ ತಂದೆಯಾದ ಜಿನ್, ಚಿತ್ರದಲ್ಲಿ ಬಹಳ ಮಾತನಾಡದ ಆ ಸಾಧುಮನುಷ್ಯನು, ಮಗಳು ಗೆಳತಿಯರೊಂದಿಗೆ ಮೃಗರೂಪದಲ್ಲಿ ಕುಣಿದು ನಕ್ಕ ಚಲನಚಿತ್ರದ ತುಣುಕನ್ನು ತಾನು ನೋಡಿದೆನೆಂದೂ, ನೋಡಿ ನಕ್ಕೆನೆಂದೂ ಹೇಳುತ್ತಾನೆ. ಮನುಷ್ಯರಿಗೆ ಹಲವು ಮುಖಗಳುಂಟು. ಒಪ್ಪದಿರುವುದನ್ನು ದೂರ ತಳ್ಳುವುದಲ್ಲ, ಅದಕ್ಕೂ ಎಡೆ ಮಾಡಿಕೊಡಬೇಕು ಎಂಬುದು ಆತನ ಅಭಿಪ್ರಾಯ. ಮಿಂಗ್ ಕೂಡ ಒಂದು ಕಾಲದಲ್ಲಿ ತನ್ನ ತಾಯಿಯೊಡನೆ ಭಯಂಕರವಾಗಿ ಜಗಳವಾಡಿದ್ದಳೆಂದೂ, ಆ ಜಗಳವು ಜಿನ್‌ನನ್ನು ಕುರಿತೇ ಆಗಿತ್ತೆಂದೂ ಆಗ ನಮಗೆ ತಿಳಿಯುತ್ತದೆ.

ಮೂರನೆಯ ಸಲಕ್ಕೆ ಬರುತ್ತೇವೆ. ಅದಕ್ಕೆ ಮುಂಚೆ ವಿಧಿಯ ಸ್ವರೂಪವನ್ನು ಹೇಳಬೇಕು. ನೆಲದ ಮೇಲೆ ಮಂಡಲವನ್ನು ಬರೆದು, ಅದರ ಸುತ್ತಲೂ ನಿಂತು ಹಾಡಿದರೆ ಆತ್ಮಲೋಕದ ಬಾಗಿಲು ತೆರೆಯುತ್ತದೆ. ಆದರೆ ಯಾವ ಹಾಡೆಂಬುದು ಮುಖ್ಯವಲ್ಲ. ಹೃದಯದಿಂದ ಬಂದಿರಬೇಕು, ಅಷ್ಟೆ. ತನಗೆ ಮಾತ್ರ ಹಳೆಯ ಪದ್ಧತಿಯೇ ಪ್ರಿಯವೆಂದು ವಿಧಿಯನ್ನು ನಡೆಸುವ ವೃದ್ಧನಾದ ಗಾವ್ ಹೇಳುತ್ತಾನೆ. ಮನೆಯ ಹಿರಿಯಳೊಬ್ಬಳು ತನಗೆ ಟೋನಿ ಬೆನೆಟ್ ಎಂಬ ಹಳೆಯ ಕಾಲದ ಅಮೆರಿಕನ್ ಗಾಯಕನು ಮೆಚ್ಚಿಗೆಯೆನ್ನುತ್ತಾಳೆ. ನಗುವುದಕ್ಕಾಗಿ ಎಸೆದ ಮಾತಿನಂತೆ ತೋರುತ್ತದೆ. ನಾವೂ ಮೊದಲ ಸಲ ನಕ್ಕು ಮರೆತೆವು. ಎರಡನೆಯ ಸಲ ನೋಡಿದಾಗ, ಕಥೆಯ ಬೀಗದ ಕೈ ಅಲ್ಲಿಯೇ ಇಟ್ಟಿರುವುದು ಕಂಡಿತು. ಮಿಂಗಳ ಹಿಂದಿನ ಪೀಳಿಗೆಯವರಿಗೂ ಪೇಟೆಯ ಹಾಡೊಂದು ಹೃದಯದ ಹಾಡಾಗಿತ್ತು.

ವಿಧಿಯ ಮಧ್ಯದಲ್ಲಿಯೇ ಮೇ ತನ್ನ ಮೃಗವನ್ನು ಬಿಟ್ಟುಕೊಡಲಾರೆನೆಂದು ಓಡಿಹೋಗಿ ಕ್ರೀಡಾಂಗಣವನ್ನು ಸೇರುತ್ತಾಳೆ. ಗೆಳತಿಯರ ಕ್ಷಮೆಯನ್ನು ಕೇಳಿ ಪಡೆಯುತ್ತಾಳೆ. ತಾಯಿತಿ ಒಡೆದುಹೋದ ಮಿಂಗ್ ಮನೆಗಳನ್ನು ಮೀರಿದ ಎತ್ತರದ ಮಹಾಮೃಗವಾಗಿ ಅಲ್ಲಿಗೆ ನುಗ್ಗುತ್ತಾಳೆ. ಆ ಗದ್ದಲದಲ್ಲಿ ತಾಯಿಯು ಕೂಗಿ ಹೇಳುವ ಒಂದು ಮಾತನ್ನು ಎಲ್ಲ ತಾಯಂದಿರೂ ಕೇಳಬೇಕು: ತಾನೆಂದೂ ಇಂಥ ಕಚೇರಿಗಳಿಗೆ ಹೋದವಳಲ್ಲ, ಮನೆಯೇ ಮೊದಲೆಂದು ಬಾಳಿದವಳು, ಒಳ್ಳೆಯ ಮಗಳಾಗಲು ಹೆಣಗಿದವಳು ಎಂದು. ಹಾಡನ್ನು ಕುರಿತ ಆಕೆಯ ಕೋಪದೊಳಗೆ ಏನಿತ್ತೆಂಬುದು ಆಗ ಹೊರಬೀಳುತ್ತದೆ. ಅದು ಧರ್ಮಸಂಕಟವೂ ಅಲ್ಲ, ಸಂಗೀತವಿಮರ್ಶೆಯೂ ಅಲ್ಲ. ತನಗೆ ದೊರೆಯದೆ ಹೋದುದರ ಲೆಕ್ಕ. ಮಗಳು ಅದಕ್ಕೆ ಉತ್ತರವಾಗಿ ಮೂರು ಸಲ ನುಂಗಿದ್ದನ್ನು ಒಂದೇ ಉಸಿರಿನಲ್ಲಿ ಹೊರಹಾಕುತ್ತಾಳೆ. ಉಪಾಯವೆಲ್ಲ ತನ್ನದು, ಹಾಡು ತನಗಿಷ್ಟ, ಕುಣಿತ ತನಗಿಷ್ಟ, ತನಗೆ ಹದಿಮೂರು ವರುಷ.

ಎಚ್ಚರ ತಪ್ಪಿ ಬಿದ್ದ ತಾಯಿಯನ್ನು ಮನುಷ್ಯಳನ್ನಾಗಿ ಮಾಡಬೇಕಾದರೆ ಅಲ್ಲಿಯೇ ವಿಧಿ ನಡೆಯಬೇಕು. ಆಟದ ಬಯಲಿನಲ್ಲಿ ಮಂಡಲ ಬರೆಯುತ್ತಾರೆ. ಅಜ್ಜಿಯೂ ದೊಡ್ಡಮ್ಮ ಚಿಕ್ಕಮ್ಮಂದಿರೂ ತಮ್ಮ ತಮ್ಮ ತಾಯಿತಿಗಳನ್ನು ಒಡೆದು, ಎಷ್ಟೋ ವರುಷ ಬಂಧಿಸಿಟ್ಟ ಮೃಗರೂಪವನ್ನು ತಾಳಿ ಮಿಂಗಳನ್ನು ಮಂಡಲದೊಳಕ್ಕೆ ಎಳೆಯುತ್ತಾರೆ. ಗಾವ್ ತನ್ನ ಹಳೆಯ ಕ್ಯಾಂಟನೀಸ್ ಮಂತ್ರಗಾನವನ್ನು ಎತ್ತುತ್ತಾನೆ. ಆಗ ಗೆಳತಿಯರೂ ವೇದಿಕೆಯ ಮೇಲಿನ ಐವರು ಗಾಯಕರೂ ತಮ್ಮ ಹಾಡನ್ನು ಅದರೊಡನೆ ಕೂಡಿಸುತ್ತಾರೆ. ಒಂದು 'ಅಂಗಡಿಯ ಹಾಡು', ಒಂದು ವಂಶದ ಹಾಡು. ಒಂದರ ತಾಳದ ಮೇಲೆ ಇನ್ನೊಂದು ಕುಳಿತುಕೊಂಡು ಎರಡೂ ಒಂದೇ ಗಾನವಾಗಿ, ಬಾಗಿಲು ತೆರೆಯುತ್ತದೆ. ಈ ಸಲ ‘ನೀನು’ ಮಿಂಗ್. ನಿನ್ನಂಥವರು ಯಾರೂ ಇಲ್ಲ ಎಂದು ಸಾವಿರಾರು ಜನರ ಕ್ರೀಡಾಂಗಣದಲ್ಲಿ ಒಬ್ಬ ತಾಯಿಗೆ ಹೇಳಿದಂತಾಯಿತು. ಹೊಲಸು ಎಂದು ಆಕೆ ತೆಗೆದುಹಾಕಿದ ಹಾಡಿನಿಂದಲೇ ಆಕೆಗೆ ಬಿಡುಗಡೆಯಾಯಿತು. ಆದರೆ ಅದೊಂದರಿಂದಲೇ ಆಗಲಿಲ್ಲ, ಮುದುಕನ ಮಂತ್ರವೂ ಬೇಕಾಯಿತು. ಹೊಸ ಹಾಡು ಹಳೆಯದನ್ನು ಸೋಲಿಸಿತೆಂದು ಈ ದೃಶ್ಯವನ್ನು ಅರ್ಥಮಾಡುವವರು ಕಿವಿಗೊಟ್ಟು ಕೇಳಿಲ್ಲವೆಂದೇ ಹೇಳಬೇಕು.

ಬಾಗಿಲಿನಾಚೆ ಬಿದಿರು ಕಾಡು. ಅಲ್ಲಿ ಹಾಡಿಲ್ಲ, ಯಾರೋ ಅಳುತ್ತಿರುವುದು ಕೇಳಿಸುತ್ತದೆ. ಮೇ ಹತ್ತಿರ ಹೋಗಿ ನೋಡಿದರೆ ತನ್ನಷ್ಟೇ ಎಳೆಯ ಹುಡುಗಿಯೊಬ್ಬಳು ಮೊಣಕಾಲಿನಲ್ಲಿ ಮುಖ ಹುದುಗಿಸಿ ಕುಳಿತಿದ್ದಾಳೆ. ಅವಳೇ ಮಿಂಗ್. ತನ್ನ ತಾಯಿಗೆ ತಾನು ಎಂದೂ ಸಾಲದವಳಾದೆನೆಂದು ಅಳುತ್ತಿದ್ದಾಳೆ. ಮಗಳು ತಾಯಿಯ ಕೈಹಿಡಿದು ನಡೆಸಿಕೊಂಡು ಹೋಗುತ್ತಾಳೆ. ನಡೆಯುತ್ತ ನಡೆಯುತ್ತ ತಾಯಿ ಬೆಳೆದು ದೊಡ್ಡವಳಾಗುತ್ತಾಳೆ. ಇಷ್ಟು ಹೇಳಿದ ಮೇಲೆ ಉಳಿದುದನ್ನು ವಾಚಕರು ತಾವೇ ನೋಡಿಕೊಳ್ಳತಕ್ಕದ್ದು. ಸಾಧ್ಯವಾದರೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು.

ನಾವು ಆ ಚಿತ್ರವನ್ನು ನೋಡಿದ ರಾತ್ರಿ ಬೀರುವಿನ ಕೆಳಖಾನೆಯನ್ನು ತೆರೆದು, ಅಂದು ಕಿತ್ತಿಟ್ಟ ನೋಟುಪುಸ್ತಕವನ್ನು ಹೊರತೆಗೆದೆವು. ಕೆಂಪು ಶಾಯಿ ಮಾಸಿ ಕಂದುಬಣ್ಣಕ್ಕೆ ತಿರುಗಿತ್ತು. ಆ ವರುಷದ ತರಗತಿಯ ಛಾಯಾಚಿತ್ರವೂ ನಮ್ಮಲ್ಲಿಯೇ ಇತ್ತು. ಹಿಂಬದಿಯಲ್ಲಿ ಎಲ್ಲರ ಹೆಸರುಗಳೂ ಸಾಲಾಗಿ ಬರೆದಿವೆ. ಒಂದೊಂದೇ ಹಾಡಿನ ಪಕ್ಕದ ಅಕ್ಷರಗಳನ್ನು ಆ ಹೆಸರುಗಳೊಡನೆ ಹೋಲಿಸಿ ನೋಡಿದೆವು. ಐದು ಹಾಡುಗಳ ಅಕ್ಷರಗಳು ಆಕೆಯ ಬೆಂಚಿನಲ್ಲಿಯೂ ಹಿಂದಿನ ಬೆಂಚಿನಲ್ಲಿಯೂ ಕುಳಿತುಕೊಳ್ಳುತ್ತಿದ್ದ ಐವರು ಹುಡುಗಿಯರವು. ಆರನೆಯ ಹಾಡಿನ ಪಕ್ಕದಲ್ಲಿ ‘ಅ’ ಎಂದಿತ್ತು. ಆ ಅಕ್ಷರದಿಂದ ಮೊದಲಾಗುವ ಹೆಸರು ತರಗತಿಯಲ್ಲಿ ಯಾರದೂ ಇರಲಿಲ್ಲ. ಬಹಳ ಹೊತ್ತು ಯೋಚಿಸಿದ ಮೇಲೆ, ಅದು ಅಮ್ಮ ಎಂಬುದರ ಮೊದಲಕ್ಷರವಿರಬಹುದೆಂದು ನಮಗೆ ತೋರಿತು. ನಾವು ಕರೆಸಿ ಕೂರಿಸಿ, ಆ ಪುಟವನ್ನೇ ತೆರೆದು ತೋರಿಸಿದ್ದು ಆ ಅಮ್ಮನಿಗೆ.

ಪುಸ್ತಕವು ಇಂದಿಗೂ ನಮ್ಮ ಬಳಿ ಭದ್ರವಾಗಿದೆ. ಅದರ ಒಡತಿಯು ಈ ಸಂಚಿಕೆಯನ್ನು ಓದುವವರಲ್ಲಿ ಒಬ್ಬಳಾಗಿದ್ದರೆ, ಹಳೆಯ ವಿದ್ಯಾರ್ಥಿನಿಯರ ಸಮ್ಮೇಳನದ ದಿನ ಬಂದು ತೆಗೆದುಕೊಂಡು ಹೋಗಬೇಕಾಗಿ ಕೋರುತ್ತೇವೆ. ಹೆಸರು ಹೇಳುವ ಅಗತ್ಯವಿಲ್ಲ. ನಮಗೆ ಗುರುತು ಸಿಕ್ಕುತ್ತದೆ.